ಮೂರು ವರ್ಷ ಮಷೀನು ಆರಿಸಿದವರು

ಈಗಲೂ ತಿಂಗಳಿಗೆ ಒಬ್ಬರಾದರೂ ಫೋನ್ ಮಾಡಿ ಕೇಳುತ್ತಾರೆ: "ಮೇಡಂ, ನಿಮ್ಮ ಸಾರ್ ಕೊನೆಗೆ ಯಾವ ಸಿಎನ್‌ಸಿ ತಗೊಂಡ್ರು?" ಸಿಎನ್‌ಸಿ ಎಂದರೆ ಕಂಪ್ಯೂಟರು ಹೇಳಿದಂತೆ ಲೋಹ ಕೊಯ್ಯುವ ಮಷೀನು. ಕೇಳುವವರೆಲ್ಲ ಕೈಗಡಿಯಾರದ ಸಣ್ಣ ಕೆಲಸ ಶುರುಮಾಡಲು ಹೊರಟವರು. ಕೈಯಲ್ಲಿ ದುಡ್ಡು ಕಡಿಮೆ, ಬೇಕಾಗಿರುವ ನಿಖರತೆ ಮಾತ್ರ ಸ್ವಿಟ್ಜರ್ಲೆಂಡಿನದ್ದು. ನಾನು ಕಂಪನಿಯ ಹೆಸರು, ಮಾಡೆಲ್ ನಂಬರು ಹೇಳುತ್ತೇನೆ. ಬರೆದುಕೊಂಡು ಥ್ಯಾಂಕ್ಸ್ ಹೇಳಿ ಇಟ್ಟುಬಿಡುತ್ತಾರೆ. ನಮ್ಮ ಸಾರ್ ಮೂರು ವರ್ಷ ಪಟ್ಟ ಪಾಡನ್ನು ಇವರು ಮೂರು ನಿಮಿಷದಲ್ಲಿ ಮುಗಿಸಿದರಲ್ಲ ಎಂದು ಹೊಟ್ಟೆ ಉರಿಯುತ್ತದೆ. ಆ ಮನುಷ್ಯ ಎಂಥವರು, ಮಷೀನನ್ನು ಎಲ್ಲಿಟ್ಟು ಏನು ಪಜೀತಿ ಪಟ್ಟರು ಎಂದು ಯಾರೂ ಕೇಳಲಿಲ್ಲವಲ್ಲ ಎಂದು ಇನ್ನೂ ಸ್ವಲ್ಪ ಉರಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಸರು ಹಾಕುವುದಿಲ್ಲ. ಲೆಟರ್‌ಹೆಡ್ಡಿನಲ್ಲಿ ತಮ್ಮ ಹೆಸರಿನ ಒತ್ತಕ್ಷರವೊಂದು ಕೂದಲೆಳೆಯಷ್ಟು ಕೆಳಗೆ ಬಿದ್ದಿದೆ ಎಂದು ಇಡೀ ಕಟ್ಟನ್ನು ಪ್ರೆಸ್ಸಿಗೆ ವಾಪಸು ಕಳಿಸಿದ ಮನುಷ್ಯ ಅವರು. ನನ್ನ ಬರವಣಿಗೆಯಲ್ಲಿ ಆ ಹೆಸರು ಕಂಡಿದ್ದರೆ ಏನೆನ್ನುತ್ತಿದ್ದರೋ. ಎದುರಿಗೆ ನಾವು ಸಾರ್ ಎನ್ನುತ್ತಿದ್ದೆವು, ಹಿಂದಿನಿಂದ ಯಜಮಾನರು. ನಗರದ ದೊಡ್ಡ ಗಡಿಯಾರ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಕೂದಲು ನರೆಯುವವರೆಗೆ ದುಡಿದು, ಸ್ವಯಂ ನಿವೃತ್ತಿ ತೆಗೆದುಕೊಂಡು, ದೊಡ್ಡಬಳ್ಳಾಪುರದ ತಮ್ಮ ಮನೆಯ ಹಿತ್ತಲಲ್ಲಿ ಶೀಟು ಹೊದಿಸಿ ವರ್ಕ್‌ಶಾಪು ಮಾಡಿಕೊಂಡಿದ್ದರು. ಹಳೆಯ ಗಡಿಯಾರಗಳಿಗೆ ಎಲ್ಲೂ ಸಿಗದ ಬಿಡಿಭಾಗ ಮಾಡಿಕೊಡುವುದು ಕೆಲಸ. ನಾನು ಡಿಪ್ಲೊಮಾ ಮುಗಿಸಿ ಅಲ್ಲಿ ಸೇರಿದೆ. ಅವರು ಮಾಡಿದ್ದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಪಾಸೋ ಫೇಲೋ ಹೇಳುವುದು ನನ್ನ ಪಾಲಿಗೆ ಬಂದ ಕೆಲಸ. ಫೇಲು ಎನ್ನಲು ನನಗೆ ಎಂಟು ತಿಂಗಳು ಧೈರ್ಯ ಬರಲಿಲ್ಲ. ಧೈರ್ಯ ಬಂದ ದಿನ ಅವರು ಖುಷಿಯಾಗಿ ಹೆಂಡತಿಯನ್ನು ಕೂಗಿ, "ಇವಳಿಗೆ ಒಂದು ಲೋಟ ಹಾರ್ಲಿಕ್ಸು ಕೊಡೇ, ಇವತ್ತು ಕೆಲಸ ಮಾಡಿದಾಳೆ" ಎಂದರು.

ನಗರದಲ್ಲಿ ಹೊಸದಾಗಿ ಕೈಗಡಿಯಾರ ಮಾಡಲು ಹೊರಟ ಪುಟ್ಟ ಕಂಪನಿಯೊಂದು ಒಮ್ಮೆ ಇವರನ್ನು ಹುಡುಕಿಕೊಂಡು ಬಂತು. ಗಡಿಯಾರದ ಹೊಟ್ಟೆಯೊಳಗೆ ಎಲ್ಲ ಚಕ್ರಗಳೂ ಕೂರುವ ಹಿತ್ತಾಳೆಯ ಬಿಲ್ಲೆ ಒಂದಿರುತ್ತದೆ, ಅದನ್ನು ಪ್ಲೇಟು ಎನ್ನುತ್ತೇವೆ. ಅಂಥ ಪ್ಲೇಟುಗಳು ಅವರಿಗೆ ಬೇಕಿತ್ತು. ಕೈಯಲ್ಲಿ ಮಾಡುವಂಥದ್ದಲ್ಲ. "ಮಷೀನು ತಗೊಳ್ತೀನಿ, ಸ್ವಲ್ಪ ಟೈಮು ಕೊಡಿ" ಎಂದರು ಯಜಮಾನರು. ಆ ಸ್ವಲ್ಪ ಟೈಮು ಮೂರು ವರ್ಷವಾಯಿತು. ಬೂದಿಗೆರೆಯಲ್ಲಿ ಅಗ್ಗವಾಗಿದ್ದಾಗ ಕೊಂಡಿದ್ದ ಸೈಟೊಂದಿತ್ತು, ಅದನ್ನು ಮಾರಿ ಬಂದ ದುಡ್ಡಿನಲ್ಲೇ ಮಷೀನು ಬರಬೇಕು ಎಂಬುದು ಅಮ್ಮನವರ, ಅಂದರೆ ಅವರ ಹೆಂಡತಿಯ, ಕಟ್ಟಪ್ಪಣೆ. ಆ ಸೈಟಿನಲ್ಲಿ ಮನೆ ಕಟ್ಟಬೇಕೆಂದು ಅಮ್ಮನವರಿಗೆ ಆಸೆಯಿತ್ತು. ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ. "ನನ್ನ ನೋಡೋಕೆ ಬಂದಾಗ ಕಾಫಿ ಆರೋದ್ರೊಳಗೆ ಒಪ್ಕೊಂಡ್ರು. ಈ ಮಷೀನಿಗೆ ಮೂರು ವರ್ಷ ನೋಡಿ" ಎಂದು ನನ್ನೆದುರಿಗೇ ಹಂಗಿಸುತ್ತಿದ್ದರು.

ಯಜಮಾನರು ಮಷೀನು ನೋಡುವ ಕ್ರಮವೇ ಬೇರೆ. ಕ್ಯಾಟಲಾಗನ್ನು ಅವರು ಓದುತ್ತಿರಲಿಲ್ಲ, ಮಡಿಸಿ ಕುರ್ಚಿಯ ಕಾಲಿನ ಕೆಳಗಿಡುತ್ತಿದ್ದರು. ಮಷೀನು ಮಾರುವವರ ಹತ್ತಿರ ಹಳೆಯ ಗಿರಾಕಿಗಳ ವಿಳಾಸ ಇಸಿದುಕೊಂಡು ಪೀಣ್ಯ, ನೆಲಮಂಗಲ, ಹೊಸಕೋಟೆ ಎಂದು ಬಸ್ಸಿನಲ್ಲಿ ಹೋಗಿ, ಅಲ್ಲಿ ಮಾಲೀಕರನ್ನು ಬಿಟ್ಟು ಮಷೀನು ಒರೆಸುವ ಹೆಂಗಸನ್ನು ಮಾತಾಡಿಸುತ್ತಿದ್ದರು. "ಓನರು ತಾನು ತಗೊಂಡಿದ್ದು ಸರಿ ಅಂತಾನೇ ಹೇಳ್ತಾನೆ ಕಣಮ್ಮಾ. ಎಣ್ಣೆ ಎಲ್ಲಿ ಸೋರುತ್ತೆ ಅನ್ನೋದು ಒರೆಸೋರಿಗೆ ಗೊತ್ತಿರುತ್ತೆ." ನೆಲಮಂಗಲದ ಕಾರ್ಖಾನೆಯೊಂದರಲ್ಲಿ ಆ ಹೆಂಗಸು, "ಅಯ್ಯೋ, ಇದು ದಿನಾ ಮಧ್ಯಾಹ್ನ ಅಳ್ತದೆ ಸಾ" ಎಂದಳಂತೆ. ಭಾರೀ ಹೆಸರಿದ್ದ ಆ ಮಷೀನು ಅಲ್ಲಿಗೇ ಪಟ್ಟಿಯಿಂದ ಹೋಯಿತು.

ನಿಖರತೆಯ ವಿಷಯ ನನಗೆ ಅರ್ಥವಾಗಿದ್ದು ಪುಸ್ತಕದಿಂದಲ್ಲ. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾಗ ಹೇಳಿದರು: "ನೋಡು, ಒಂದು ಬಸ್ಸು ದಿನಾ ಹತ್ತು ನಿಮಿಷ ಲೇಟಾಗಿ ಬಂದ್ರೆ ಅದು ಒಳ್ಳೇ ಬಸ್ಸು. ನಾವೂ ಹತ್ತು ನಿಮಿಷ ಲೇಟಾಗಿ ಹೊರಡಬಹುದು. ಒಂದಿನ ಮುಂಚೆ, ಒಂದಿನ ಲೇಟು ಬರುತ್ತಲ್ಲ, ಅದನ್ನ ಯಾವತ್ತೂ ನಂಬಬೇಡ. ಮಷೀನೂ ಅಷ್ಟೇ. ತಪ್ಪು ಮಾಡಲಿ, ಆದ್ರೆ ದಿನಾ ಅದೇ ತಪ್ಪು ಮಾಡಬೇಕು." ನಾನು ಮನೆಗೆ ಬಂದು ಇದನ್ನು ಅಮ್ಮನವರಿಗೆ ಭಕ್ತಿಯಿಂದ ವರದಿ ಮಾಡಿದೆ. "ಹಂಗಾದ್ರೆ ಇವರು ಬಲು ಒಳ್ಳೇ ಮಷೀನು ಬಿಡು" ಎಂದು ಅವರು ಸೊಪ್ಪು ಸೋಸುವುದನ್ನು ಮುಂದುವರಿಸಿದರು.

ಎಲ್ಲಕ್ಕಿಂತ ಕಷ್ಟದ್ದು ಊಟದ ಪರೀಕ್ಷೆ. ಷೋರೂಮಿನಲ್ಲಿ ಮಷೀನು ಬೆಳಗಿನಿಂದ ಓಡಿ ಬಿಸಿಯಾಗಿ ಹದಕ್ಕೆ ಬಂದಿರುತ್ತದೆ, ಕೊಯ್ದದ್ದೆಲ್ಲ ಸರಿಯಾಗಿಯೇ ಬರುತ್ತದೆ. ಯಜಮಾನರು ಒಂದು ಗಂಟೆಗೆ ಸರಿಯಾಗಿ ಕ್ಯಾರಿಯರ್ ತೆಗೆದು, "ಮಷೀನು ನಿಲ್ಸಿ, ಊಟ ಮಾಡೋಣ" ಎನ್ನುತ್ತಿದ್ದರು. ಮುದ್ದೆ, ಬಸ್ಸಾರು, ಮೇಲೆ ಮಜ್ಜಿಗೆ, ಒಂದು ಗಂಟೆ ನಿಧಾನವಾಗಿ ನಡೆಯುತ್ತಿತ್ತು. ಕೈ ತೊಳೆದು ಬಂದವರೇ, "ಈಗ ಹಂಗೇ ಒಂದು ಕೊಯ್ಯಿರಿ. ಬಿಸಿ ಮಾಡಂಗಿಲ್ಲ" ಎನ್ನುವರು. ತಣ್ಣಗಾದ ಮಷೀನು ಆರು ಮೈಕ್ರಾನು, ಎಂಟು ಮೈಕ್ರಾನು ಆಚೀಚೆ ಹೋಗುತ್ತಿತ್ತು. ಒಂದು ಮೈಕ್ರಾನು ಎಂದರೆ ಕೂದಲೆಳೆಯ ದಪ್ಪದಲ್ಲಿ ಎಪ್ಪತ್ತನೆಯ ಒಂದು ಭಾಗ ಎಂದಿಟ್ಟುಕೊಳ್ಳಿ. "ನಮ್ಮಲ್ಲಿ ಕರೆಂಟು ದಿನಕ್ಕೆ ನಾಕು ಸಲ ಊಟಕ್ಕೆ ಹೋಗುತ್ತೆ ಸ್ವಾಮಿ, ಇದು ನಮಗೆ ಆಗಲ್ಲ" ಎಂದು ಕ್ಯಾರಿಯರ್ ಎತ್ತಿಕೊಂಡು ಹೊರಡುವರು. ಅವರು ಬಂದರೆ ಮಷೀನು ಮಾರುವವರು ಊಟದ ಹೊತ್ತಿಗೆ ಮುಂಚೆಯೇ ಮೀಟಿಂಗು ಇದೆ ಎನ್ನತೊಡಗಿದ್ದರು.

ಹನ್ನೊಂದು ಮಷೀನು ಹೀಗೆ ಬಿದ್ದ ಮೇಲೆ ಹನ್ನೆರಡನೆಯದು, ತೈವಾನಿನ ಚಿಕ್ಕದೊಂದು, ಮುದ್ದೆ ಮಜ್ಜಿಗೆ ಎಲ್ಲ ಆದ ಮೇಲೂ ಎರಡೇ ಮೈಕ್ರಾನು ಸರಿಯಿತು. ಯಜಮಾನರು ಇನ್ನೂ ಐದು ಸಲ ನಿಲ್ಲಿಸಿ ನಿಲ್ಲಿಸಿ ಕೊಯ್ಯಿಸಿದರು. ಐದು ಸಲವೂ ಅದೇ ಎರಡು, ಅದೇ ದಿಕ್ಕಿಗೆ. ಬಸ್ಸಿನಲ್ಲಿ ವಾಪಸು ಬಂದು ಇಳಿಯುವಾಗ, "ಸೈಟು ಮಾರೋಣ" ಎಂದರು.

ಮಷೀನು ಬಂದ ದಿನ ಅಮ್ಮನವರು ಘಾಟಿ ದೇವಸ್ಥಾನದಿಂದ ಪ್ರಸಾದ ತಂದಿದ್ದರು. ಪೂಜೆಗೆ ಬಂದ ಐನೋರಿಗೆ ಅರಿಶಿನ ಕುಂಕುಮವನ್ನು ಕರೆಂಟಿನ ಪೆಟ್ಟಿಗೆಯ ಬಾಗಿಲಿಗೆ ಮಾತ್ರ ಹಚ್ಚುವ ಅಪ್ಪಣೆಯಾಯಿತು. ಅದೂ ಹೊರಬದಿಗೆ. ಅಕ್ಷತೆಯನ್ನು ಯಜಮಾನರು ಅಂಗೈ ಒಡ್ಡಿ ಗಾಳಿಯಲ್ಲೇ ಹಿಡಿದುಕೊಂಡರು, ಒಂದು ಕಾಳೂ ಮಷೀನಿನ ಒಳಗೆ ಬೀಳದಂತೆ. ಶೆಡ್ಡಿನೊಳಗೆ ಗಾಜಿನ ಕೋಣೆ ಕಟ್ಟಿಸಿ ಎಸಿ ಹಾಕಿಸಿದ್ದರು. ಮಷೀನು ನಡೆಸಲು ನನಗೇ ಕಲಿಸಿದರು.

ಮೊದಲ ಪ್ಲೇಟನ್ನು ನಾನು ಮೈಕ್ರೋಸ್ಕೋಪಿನ ಕೆಳಗಿಟ್ಟು ಓರೆಯಾಗಿ ಬೆಳಕು ಬಿಟ್ಟೆ. ಮೈಮೇಲೆಲ್ಲ ಸಣ್ಣ ಅಲೆಯಂಥ ಗೆರೆಗಳು.

"ಲೆನ್ಸು ಒರೆಸಮ್ಮಾ" ಎಂದರು. ಒರೆಸಿದೆ. ಗೆರೆ ಇತ್ತು. ಟೂಲು ಬದಲಾಯಿಸಿದರು, ಎಣ್ಣೆ ಬದಲಾಯಿಸಿದರು, ಹಿತ್ತಾಳೆಯನ್ನೇ ಬದಲಾಯಿಸಿದರು. ಮಷೀನು ಮಾರಿದ ಇಂಜಿನಿಯರು ಮೂರು ಸಲ ಬಂದು ಪ್ರತಿ ನಟ್ಟು ಬೋಲ್ಟು ಪರೀಕ್ಷಿಸಿದರು. ಕೊನೆಗೆ ನಮ್ಮದೇ ಪ್ರೋಗ್ರಾಮನ್ನು ತಮ್ಮ ಷೋರೂಮಿಗೆ ಒಯ್ದು, ಅದೇ ಮಾಡೆಲಿನಲ್ಲಿ ಕೊಯ್ದು ತಂದುಕೊಟ್ಟರು. ಅದು ಕನ್ನಡಿಯಂತಿತ್ತು. ಯಜಮಾನರ ಮುಖ ಸಣ್ಣದಾಯಿತು. ಕಂಪನಿಯವರು ಮಾಡುತ್ತಿದ್ದ ಗಡಿಯಾರದ ಹಿಂದಿನ ಮುಚ್ಚಳ ಗಾಜಿನದು, ಪ್ಲೇಟು ಎಲ್ಲರ ಕಣ್ಣಿಗೆ ಬೀಳುವಂಥದ್ದು. ಗೆರೆಯಿದ್ದ ಮೊದಲ ಕಂತನ್ನು ಅವರು ನಯವಾಗಿಯೇ ವಾಪಸು ಕಳಿಸಿದರು.

ಕಾರಣ ಗೊತ್ತಾಗಿದ್ದು ಕಾಫಿಯಿಂದ. ಅಮ್ಮನವರು ತಂದಿಟ್ಟ ಲೋಟವನ್ನು ನಾನು ಅಳತೆಯ ಕಲ್ಲಿನ ಮೇಜಿನ ಮೇಲಿಟ್ಟಿದ್ದೆ. ಇಡಬಾರದು, ಬೈಯುತ್ತಾರೆ, ಆದರೆ ಅವತ್ತು ಯಾರಿಗೂ ಬೈಯುವ ಉತ್ಸಾಹ ಇರಲಿಲ್ಲ. ನೋಡುತ್ತೇನೆ, ಕಾಫಿಯ ಮೇಲೆ ಸಣ್ಣ ಸಣ್ಣ ಉಂಗುರ ಏಳುತ್ತಿದೆ.

"ಸಾರ್, ಈ ಕಾಫಿ ನೋಡಿ."

ಅವರು ಬಗ್ಗಿ ನೋಡಿದರು. "ಇದು ಯಾವಾಗ್ಲೂ ಹಂಗೇ ಅಲ್ವೇನಮ್ಮಾ?" ಎಂದರು. ಎಂದವರು ಹಾಗೆಯೇ ಸ್ಟೂಲಿನ ಮೇಲೆ ಕೂತುಬಿಟ್ಟರು.

ನಮ್ಮ ಬೀದಿಯಲ್ಲಿ ಏಳು ವಿದ್ಯುತ್ ಮಗ್ಗದ ಶೆಡ್ಡುಗಳಿದ್ದವು. ಎರಡು ಪಾಳಿ, ಹಗಲೂ ರಾತ್ರಿಯೂ ಟಕಟಕ ಟಕಟಕ. ಪಕ್ಕದ ಗೋಡೆಯಾಚೆಯೇ ಆಂಜಿನಪ್ಪನ ಎಂಟು ಮಗ್ಗ. ಹೊರಗಿನವರು ಬಂದು "ಏನ್ರೀ ಇಷ್ಟು ಸದ್ದು" ಎಂದರೆ ನಾವು "ಎಲ್ಲಿ?" ಎಂದು ಕೇಳುತ್ತಿದ್ದೆವು. ನಾನು ಹುಟ್ಟಿದ್ದೂ ಇಂಥದೇ ಬೀದಿಯಲ್ಲಿ. ಮಷೀನನ್ನು ಉಣ್ಣಿಸಿ, ಮಲಗಿಸಿ, ಎಬ್ಬಿಸಿ ಪರೀಕ್ಷೆ ಮಾಡಿದ ಮನುಷ್ಯನಿಗೆ ಅದನ್ನು ತಂದಿಡುವ ನೆಲವನ್ನು ಒಂದು ಸಲ ಮುಟ್ಟಿ ನೋಡಬೇಕೆಂದು ತೋಚಲಿಲ್ಲ. ನನಗೂ ತೋಚಲಿಲ್ಲ, ಅದಕ್ಕೆ ಸಂಬಳ ತೆಗೆದುಕೊಳ್ಳುತ್ತಿದ್ದವಳು ನಾನು. ದೊಡ್ಡಬಳ್ಳಾಪುರದವರಲ್ಲದೆ ಬೇರೆ ಯಾರೂ ಈ ತಪ್ಪು ಮಾಡುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. "ಅವಳ ಸೈಟು ಹೋಯ್ತಲ್ಲಮ್ಮಾ" ಎಂದಷ್ಟೇ ಅವರು ಆವತ್ತು ಹೇಳಿದ್ದು.

ಕರೆಂಟು ಹೋದಾಗ ಮಗ್ಗಗಳು ನಿಲ್ಲುತ್ತಿದ್ದವು ನಿಜ, ಆದರೆ ಮಷೀನೂ ನಿಲ್ಲುತ್ತಿತ್ತು. ಅದಕ್ಕೆಂದು ಜನರೇಟರ್ ಬಾಡಿಗೆಗೆ ತಂದೆವು. ಅದು ಏಳು ಶೆಡ್ಡುಗಳಿಗಿಂತ ಜಾಸ್ತಿ ನಡುಗಿಸಿತು. ಕೊನೆಗೆ ಯಜಮಾನರು ಕಾಂಪೌಂಡಿನ ಹತ್ತಿರ ಹೋಗಿ ಆಂಜಿನಪ್ಪನನ್ನು ಕರೆದರು.

"ಆಂಜಿನಪ್ಪಾ, ನಿನ್ನ ಮಗ್ಗ ನನ್ನ ಪ್ಲೇಟು ಅಲ್ಲಾಡಿಸ್ತಾ ಇದೆ ಕಣಯ್ಯಾ."

"ಎಷ್ಟು ಅಲ್ಲಾಡ್ತದೆ ಸಾ?"

"ಮೂರು ಮೈಕ್ರಾನು."

"ಅಂಗಂದ್ರೆ?"

ಯಜಮಾನರು ಕೂದಲೆಳೆಯ ಲೆಕ್ಕ ಹೇಳಿದರು. ಆಂಜಿನಪ್ಪ ತನ್ನ ತಲೆಯಿಂದಲೇ ಒಂದು ಕೂದಲು ಕಿತ್ತು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಇದನ್ನ ಎಪ್ಪತ್ತು ಭಾಗ ಮಾಡಿ, ಅದರಾಗೆ ಮೂರು ಭಾಗ ಅಲ್ಲಾಡ್ತು ಅಂತ ನಾನು ಎಂಟು ಮಗ್ಗ ನಿಲ್ಸಾಕಾಯ್ತದಾ ಸಾ? ನೀವೇ ಹೇಳಿ."

ಯಜಮಾನರು ತಿರುಗಿ ಒಳಗೆ ಬಂದುಬಿಟ್ಟರು. ಮುಂದಿನ ವಾರ ಇಬ್ಬರೂ ಮಾತು ಬಿಟ್ಟರು. ಅದರ ಮುಂದಿನ ವಾರ ಆಂಜಿನಪ್ಪನೇ ಮಗ್ಗದ ಹಳೆಯ ರಬ್ಬರ್ ಪಟ್ಟಿಗಳ ಒಂದು ಹೊರೆ ತಂದು ಹಾಕಿ, "ಇದನ್ನ ಅದರ ಕಾಲಿಗೆ ಕೊಟ್ಟು ನೋಡಿ" ಎಂದ. ಮಷೀನಿನ ಸುತ್ತ ನೆಲ ಕೊರೆದು ಕಂದಕ ತೋಡಿ ಮರಳು ತುಂಬಿದೆವು, ಕಾಲಿಗೆ ಆ ರಬ್ಬರ್ ಹಾಸಿದೆವು. ಮೂರು ಇದ್ದದ್ದು ಒಂದಕ್ಕೆ ಇಳಿಯಿತು. ಆ ಒಂದು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಓರೆ ಬೆಳಕಿನಲ್ಲಿ ಗೆರೆ ಕಾಣುತ್ತಲೇ ಇತ್ತು. ಎರಡನೆಯ ಕಂತೂ ವಾಪಸು ಬಂತು, ಜೊತೆಗೆ ಒಂದು ಕಾಗದ: ಬರುವ ಶುಕ್ರವಾರದೊಳಗೆ ಹನ್ನೆರಡು ಶುದ್ಧವಾದ ಪ್ಲೇಟು ತಲುಪದಿದ್ದರೆ ಕೆಲಸವನ್ನು ಬೇರೆಯವರಿಗೆ ಕೊಡುತ್ತೇವೆ, ಕ್ಷಮಿಸಿ. ಯಜಮಾನರು ಅದನ್ನು ಓದಿ ನನ್ನ ಕೈಗೆ ಕೊಟ್ಟರು. "ಹಂಗೇನಾದ್ರೂ ಆದ್ರೆ ಮಷೀನು ಮಾರಿಬಿಡ್ತೀನಿ. ನೀನೂ ಎಲ್ಲಾದ್ರೂ ಕೆಲಸ ನೋಡ್ಕೋಬೇಕಾಗುತ್ತೆ ಕಣಮ್ಮಾ" ಎಂದರು.

ಮಾಮೂಲಿ ಒರಟು ಕೊಯ್ತವೆಲ್ಲ ಮಗ್ಗದ ಸದ್ದಿನಲ್ಲೇ ಮುಗಿಸಬಹುದಿತ್ತು, ಹನ್ನೆರಡಕ್ಕೂ ಮುಗಿಸಿಯೂ ಇಟ್ಟಿದ್ದೆವು. ಕೊನೆಯ ನಯದ ಕೊಯ್ತಕ್ಕೆ ಮಾತ್ರ ನೆಲ ಅಲ್ಲಾಡಬಾರದು. ಒಂದು ಪ್ಲೇಟಿಗೆ ಕಾಲು ಗಂಟೆ, ಹನ್ನೆರಡಕ್ಕೆ ಮೂರು ಗಂಟೆ. ಏಳು ಶೆಡ್ಡುಗಳೂ ಒಟ್ಟಿಗೆ ಮೂರು ಗಂಟೆ ನಿಂತರೆ ಸಾಕು. ಯಜಮಾನರು ಬಿಳಿ ಅಂಗಿ ಹಾಕಿಕೊಂಡು, ಮದುವೆಗೆ ಕರೆಯುವವರ ಹಾಗೆ, ಮೂರು ದಿನ ಬೀದಿಯ ಮನೆಮನೆಗೂ ಹೋದರು. ಯಾರೂ ಇಲ್ಲವೆನ್ನಲಿಲ್ಲ. ಒಬ್ಬರು ಮಂಗಳವಾರ ಬೆಳಿಗ್ಗೆ ಎಂದರು, ಇನ್ನೊಬ್ಬರಿಗೆ ಮಂಗಳವಾರ ಸೀರೆ ಕೊಡುವ ದಿನ. ಒಬ್ಬರು ಗುರುವಾರ ಮಧ್ಯಾಹ್ನ ಎಂದರು, ಮತ್ತೊಬ್ಬರಿಗೆ ಬುಧವಾರವಷ್ಟೇ ಬಿಡುವು. ಆಂಜಿನಪ್ಪ, "ಮಿಕ್ಕ ಆರು ಜನ ಯಾವಾಗ ಅಂತಾರೋ ಆವಾಗ ನಾನು ನಿಲ್ಲಿಸ್ತೀನಿ ಸಾ" ಎಂದ. ಆ ಆರು ಜನ ಒಂದು ಹೊತ್ತಿಗೆ ಸೇರಲೇ ಇಲ್ಲ. ಬುಧವಾರ ಸಂಜೆ ಯಜಮಾನರು ನನಗೆ ಒಂದು ಹಾಳೆ ತೋರಿಸಿದರು, ಏಳು ಹೆಸರು, ಏಳು ಹೊತ್ತು, ಸ್ಕೇಲಿಟ್ಟು ಗೆರೆ ಎಳೆದು ಬರೆದದ್ದು. "ಒಂದೂ ಕೂಡ್ತಾ ಇಲ್ಲವಲ್ಲಮ್ಮಾ" ಎಂದು ನಕ್ಕರು.

ಗುರುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೂತಲ್ಲೇ ಹೋಗಿಬಿಟ್ಟರು. ಎದೆ ಹಿಡಿದುಕೊಂಡರಂತೆ, ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಓಡಿಹೋದಾಗ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ನನಗೆ ಅಪ್ಪ ತೀರಿಕೊಂಡಾಗಲೂ ಅಷ್ಟು ಅಳು ಬಂದಿರಲಿಲ್ಲ. ಮಗಳು ಮೈಸೂರಿನಿಂದ ಹೊರಟಿದ್ದಳು, ಅವಳು ಬಂದ ಮೇಲೆ ಎತ್ತುವುದೆಂದು ಮಾತಾಯಿತು.

ನಾನು ಗೋಡೆಗೆ ಒರಗಿ ಕೂತಿದ್ದೆ. ತಲೆದೆಸೆಯಲ್ಲಿ ಕೂತಿದ್ದ ಅಮ್ಮನವರು ಕೈಸನ್ನೆ ಮಾಡಿ ಹತ್ತಿರ ಕರೆದರು.

"ಕೇಳಿಸ್ತಾ?"

"ಏನಮ್ಮಾ?"

"ಮಗ್ಗ ನಿಂತಿದೆ."

ನಾನು ಆಗ ಗಮನಿಸಿದೆ. ನಮ್ಮ ಕಡೆ ಬೀದಿಯಲ್ಲಿ ಸಾವಾದರೆ ಹೆಣ ಎತ್ತುವವರೆಗೆ ಯಾರೂ ಮಗ್ಗ ನಡೆಸುವುದಿಲ್ಲ. ಏಳಕ್ಕೆ ಏಳೂ ಶೆಡ್ಡು ನಿಂತಿದ್ದವು. ಯಾರೂ ಯಾರನ್ನೂ ಹೊತ್ತು ಕೇಳಿರಲಿಲ್ಲ. ಕಿವಿಯಲ್ಲಿ ಏನೋ ಕಳೆದುಹೋದಂತಿತ್ತು.

"ಮತ್ತೆ ಇಲ್ಲಿ ಯಾಕೆ ಕೂತಿದೀಯ?" ಎಂದರು ಅಮ್ಮನವರು. ದುಃಖಕ್ಕೆ ಏನೋ ಮಾತಾಡುತ್ತಿದ್ದಾರೆ ಎಂದುಕೊಂಡೆ. ಅವರು ನನ್ನ ಮೊಣಕೈ ಹಿಡಿದು ಅಲ್ಲಾಡಿಸಿದರು. "ಇಲ್ಲಿ ಅಳೋಕೆ ಜನ ಇದಾರೆ. ಇವರು ಎದ್ದು ಬರೋಹಂಗಿದ್ದಿದ್ರೆ ನನ್ನ ಬಿಟ್ಟು ಈಗ ಅಲ್ಲೇ ಇರ್ತಿದ್ರು. ಹೋಗು, ಎದ್ದೋಗು."

ಹಿತ್ತಲಿಗೆ ಹೋಗಿ ಬಾಗಿಲು ಹಾಕಿಕೊಂಡು ಮಷೀನು ಹಚ್ಚಿದೆ. ಕಾಲು ಗಂಟೆಗೆ ಮೊದಲ ಪ್ಲೇಟು ಬಂತು. ಓರೆ ಬೆಳಕು ಬಿಟ್ಟು ನೋಡಿದೆ. ಗೆರೆ ಇರಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದೆ, ಎಲ್ಲೂ ಇರಲಿಲ್ಲ. ಫೇಲು ಎಂದು ಹೇಳಲು ಕಲಿಸಿದ ಮನುಷ್ಯನಿಗೆ ಪಾಸು ಎಂದು ಹೇಳಲು ಇಪ್ಪತ್ತು ಹೆಜ್ಜೆ ನಡೆದರೆ ಸಾಕಿತ್ತು, ಹೇಳಿ ಏನೂ ಪ್ರಯೋಜನವಿರಲಿಲ್ಲ. ಮೈಕ್ರೋಸ್ಕೋಪಿನ ಮೇಲೆ ತಲೆಯಿಟ್ಟು ಅತ್ತೆ. ಅತ್ತು, ಕಣ್ಣೀರು ಬಿದ್ದ ಜಾಗವನ್ನು ಒರೆಸಿ, ಎರಡನೆಯದನ್ನು ಕಚ್ಚಿಸಿದೆ.

ಒಂಬತ್ತು ಪ್ಲೇಟು ಮುಗಿದಿತ್ತು. ಮುಂದಿನ ಕಡೆಯಿಂದ ಮಗಳು ಬಂದು ಬೋರೆಂದು ಅತ್ತದ್ದು ಕೇಳಿಸಿ ಬಹಳ ಹೊತ್ತಾಗಿತ್ತು. ಇನ್ನು ಎತ್ತುತ್ತಾರೆ, ಎತ್ತಿದ ಮೇಲೆ ಮಗ್ಗ ಶುರುವಾಗುತ್ತದೆ ಎಂದು ನಾನು ಗಡಿಯಾರ ನೋಡುತ್ತಿದ್ದಾಗ ಬಾಗಿಲು ತೆರೆಯಿತು. ಆಂಜಿನಪ್ಪ. ಹೆಗಲ ಮೇಲೆ ಟವೆಲು, ಕಣ್ಣು ಕೆಂಪಗೆ. ಮಷೀನನ್ನು ನೋಡಿದ, ನನ್ನನ್ನು ನೋಡಿದ. ಹೆಣ ಮನೆಯಲ್ಲಿಟ್ಟುಕೊಂಡು ಇದೇನು ಕೆಲಸ ಎಂದು ಬೈದರೆ ಏನು ಹೇಳಲಿ ಎಂದು ನಾನು ಎದ್ದು ನಿಂತೆ.

"ಎಷ್ಟು ಆಗದೆ?" ಎಂದ.

"ಒಂಬತ್ತು."

"ಇನ್ನೆಷ್ಟು?"

"ಮೂರು ಅಣ್ಣಾ. ಮುಕ್ಕಾಲು ಗಂಟೆ."

ಅವನು ಮನೆಯ ಮುಂದಿನ ಕಡೆಗೆ ಒಮ್ಮೆ ತಿರುಗಿ ನೋಡಿದ. "ಆತುರ ಬಿದ್ದು ಕೆಡಿಸಬ್ಯಾಡ. ನಿಧಾನವಾಗಿ ಮಾಡಮ್ಮಾ. ಹೂವಿನ ಗಾಡಿ ಇನ್ನೂ ಬಂದಿಲ್ಲ ಅಂತ ನಾನು ಅವರಿಗೆ ಹೇಳ್ತೀನಿ" ಎಂದು, ಬಾಗಿಲನ್ನು ಅದುರದಂತೆ ಎಳೆದುಕೊಂಡು ಹೋದ.

ಪ್ಲೇಟು ಬದಲಾಯಿಸುವಾಗ ಕಿಟಕಿಯಿಂದ ಮನೆಯ ಪಕ್ಕದ ಸಂದಿಯಾಚೆಗೆ ನೋಡಿದೆ. ಹೂವಿನ ಗಾಡಿ ಬೀದಿಯ ತುದಿಯಲ್ಲಿ ಆಗಲೇ ಬಂದು ನಿಂತಿತ್ತು. ಅದರ ಪಕ್ಕದಲ್ಲಿ ತಮಟೆಯವರು ತಮಟೆಗಳನ್ನು ಎದೆಗೆ ಒತ್ತಿ ಹಿಡಿದುಕೊಂಡು, ಬಡಿಯದೆ, ಸುಮ್ಮನೆ ನಿಂತಿದ್ದರು.